ಮಗಳ ಜನನ ಪ್ರಮಾಣಪತ್ರದಲ್ಲಿ ನಾಲ್ಕು ತಪ್ಪು: ಯಾವುದು ತಿದ್ದುಪಡಿ, ಯಾವುದು ಅಲ್ಲ

ಅಡಿಕೆ ಬೆಳೆಗಾರರ ಗುಂಪಿನಲ್ಲಿ ಜನನ ಪ್ರಮಾಣಪತ್ರದ ಮಾತು ಯಾಕೆ ಅಂತ ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಕೇಳಿದ್ದಾರೆ. ಇರಲಿ ಬಿಡಿ, ಪಹಣಿ (ಜಮೀನಿನ ದಾಖಲೆ) ತಿದ್ದುಪಡಿಗೆ ಅಲೆದವರಿಗೆ ಇದು ಬೇಗ ಅರ್ಥವಾಗುತ್ತೆ.

ಗುಂಪಿನ ಅಣ್ಣ ಒಬ್ಬರು ಕೇಳಿದ್ದು ಇಷ್ಟು: ಮಗಳು 2019ರಲ್ಲಿ ಹೆಂಡತಿಯ ತವರಿನ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ್ದು. ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿನ 'ಹ' ಹೋಗಿ 'ಅ' ಆಗಿದೆ. ಅಮ್ಮನ ಹೆಸರಿನ ಜಾಗದಲ್ಲಿ ತವರಲ್ಲಿ ಕರೆಯೋ ಹೆಸರಿದೆ. ಮಗುವಿನ ಹೆಸರಿನ ಜಾಗ ಖಾಲಿ. ಹುಟ್ಟಿದ ದಿನಾಂಕ ಜಾತಕದ್ದಕ್ಕಿಂತ ಒಂದು ದಿನ ಮುಂದಿದೆ. ಅರ್ಜಿ ತುಂಬಿಕೊಡೋ ಏಜೆಂಟ್ 'ಹೊಸದಾಗೇ ಮಾಡಿಸಿಬಿಡೋಣ' ಅಂದಿದ್ದಾನೆ. ಅದೊಂದು ಮಾತ್ರ ಮಾಡಿಸಬೇಡಿ, ಕಾರಣ ಕೆಳಗೆ ಹೇಳ್ತೀನಿ.

ಪ್ರಮಾಣಪತ್ರವನ್ನು ಯಾರೂ ತಿದ್ದಲ್ಲ. ತಿದ್ದೋದು ರಿಜಿಸ್ಟರನ್ನು. ನಿಮ್ಮ ಕೈಲಿರೋ ಹಾಳೆ ನಮೂನೆ 5. ಅದು ಜನನ ರಿಜಿಸ್ಟರ್, ಅಂದರೆ ನಮೂನೆ 7ರಲ್ಲಿ ಇರೋದನ್ನು ನೋಡಿ ಕೊಟ್ಟ ನಕಲು. ಆ ರಿಜಿಸ್ಟರಿಗೆ ಮೂಲ ಆಸ್ಪತ್ರೆಯವರು ತುಂಬಿ ಕೊಟ್ಟ ನಮೂನೆ 1. ನಮೂನೆ 1ಕ್ಕೆ ಮಾಹಿತಿ ಬಂದಿರೋದು ಗರ್ಭಿಣಿಗೆ ಕೊಡೋ ತಾಯಿ ಕಾರ್ಡಿಂದ, ಹೆರಿಗೆ ಕೊಠಡಿಯ ಪುಸ್ತಕದಿಂದ, ಮತ್ತೆ ಆ ಹೊತ್ತಲ್ಲಿ ಬಾಗಿಲ ಹತ್ತಿರ ನಿಂತಿದ್ದವರ ಬಾಯಿಂದ. ಚೊಚ್ಚಲ ಹೆರಿಗೆ ತವರಲ್ಲಿ ಆಗೋದರಿಂದ ಅಲ್ಲಿ ನಿಂತಿರೋದು ಮಗುವಿನ ಅಜ್ಜ ಅಥವಾ ಸೋದರಮಾವ. ತಾಯಿ ಹೆಸರೇನು ಅಂದರೆ ಹುಟ್ಟಿದಾಗಿಂದ ಕರೆದ ಹೆಸರನ್ನೇ ಹೇಳ್ತಾರೆ. ಅಳಿಯನ ಹೆಸರು ಹೇಳುವಾಗ 'ಹನುಮಂತ' ನಾಲಿಗೆಯಲ್ಲಿ 'ಅನುಮಂತ' ಆಗುತ್ತೆ, ಬರೆಯೋರು ಕೇಳಿಸಿಕೊಂಡಿದ್ದನ್ನು ಬರೀತಾರೆ. ಹ-ಅ, ಳ-ಲ, ಶ-ಷ-ಸ, ಈ ತಪ್ಪುಗಳಲ್ಲಿ ಬಹುಪಾಲು ಹೀಗೆ ಹುಟ್ಟಿದ್ದು.

ಆದ್ದರಿಂದ ಮೊದಲ ಕೆಲಸ ಅರ್ಜಿ ಕೊಡೋದಲ್ಲ, ತಪ್ಪು ಯಾವ ಮೆಟ್ಟಿಲಲ್ಲಿ ಆಗಿದೆ ಅಂತ ಕಂಡುಹಿಡಿಯೋದು. ಕೈಬರಹದ ಪಹಣಿಯಲ್ಲಿ ಸರಿಯಿದ್ದು ಸರ್ಕಾರದ 'ಭೂಮಿ' ಕಂಪ್ಯೂಟರ್ ದಾಖಲೆಯಲ್ಲಿ ತಪ್ಪಾಗಿದ್ದರೆ ಕೆಲಸ ಎಷ್ಟು ಸುಲಭ ಅಂತ ಗೊತ್ತಲ್ಲ, ಇಲ್ಲೂ ಹಾಗೇ. ರಿಜಿಸ್ಟರಿನಲ್ಲಿ ಸರಿಯಿದೆ, ಪ್ರಿಂಟಿನಲ್ಲಿ ಮಾತ್ರ ತಪ್ಪು ಅಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಸಾಕು. ಆಸ್ಪತ್ರೆಯ ಪುಸ್ತಕದಲ್ಲಿ ಸರಿಯಿದೆ, ರಿಜಿಸ್ಟರಿನಲ್ಲಿ ತಪ್ಪು ಅಂದರೆ ಆಸ್ಪತ್ರೆಯ ಪತ್ರ ಬೇಕು. ಆಸ್ಪತ್ರೆಯಲ್ಲೇ ತಪ್ಪು ಬರೆಸಿದ್ದರೆ ಅಫಿಡವಿಟ್, ಸಾಕ್ಷಿ, ಹಳೇ ದಾಖಲೆ ಎಲ್ಲ ಬೇಕಾಗುತ್ತೆ.

ಹೋಗಬೇಕಾದ ಕಚೇರಿ ನೀವು ಈಗಿರೋ ಊರಿನದಲ್ಲ, ಮಗು ಹುಟ್ಟಿದ ಜಾಗದ್ದು. ಪ್ರಮಾಣಪತ್ರದಲ್ಲೇ ನೋಂದಣಿ ಘಟಕದ ಹೆಸರು, ನೋಂದಣಿ ಸಂಖ್ಯೆ, ನೋಂದಣಿ ದಿನಾಂಕ ಅಚ್ಚಾಗಿರುತ್ತೆ. ಆ ಘಟಕ ಆಸ್ಪತ್ರೆಯೇ ಆಗಿರಬಹುದು, ಪುರಸಭೆ ಆಗಿರಬಹುದು, ಹಳ್ಳಿಯ ಹೆರಿಗೆಯಾದರೆ ಗ್ರಾಮ ಲೆಕ್ಕಿಗರ (ಈಗಿನ ಹೆಸರು ಗ್ರಾಮ ಆಡಳಿತ ಅಧಿಕಾರಿ) ವೃತ್ತ ಆಗಿರಬಹುದು. ಹೆಸರು ನೋಡಿ ಅಲ್ಲಿಗೇ ಹೋಗಿ, ನಿಮ್ಮೂರಿನ ನಾಡಕಚೇರಿಯಲ್ಲಿ ಸಾಲು ನಿಂತು ಒಂದು ದಿನ ಕಳೀಬೇಡಿ. ಹಳ್ಳಿಗಳ ಹಳೇ ವರ್ಷಗಳ ರಿಜಿಸ್ಟರ್ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತೆ. ಜನನ ಮರಣ ನೋಂದಣಿ ಕಾಯ್ದೆಯ ಸೆಕ್ಷನ್ 17ರ ಪ್ರಕಾರ ರಿಜಿಸ್ಟರಿನಲ್ಲಿ ಹುಡುಕಿಸಿ ಆ ನಮೂದಿನ ಪ್ರತಿ ಕೇಳೋ ಹಕ್ಕು ನಿಮಗಿದೆ. ಮೊದಲು ಅದನ್ನು ಕೇಳಿ ತಗೊಳ್ಳಿ.

ಈಗ ನಿಮ್ಮ ನಾಲ್ಕು ತಪ್ಪು, ಸುಲಭದ್ದರಿಂದ.

ಮಗುವಿನ ಹೆಸರು ಖಾಲಿ ಇರೋದು ತಪ್ಪೇ ಅಲ್ಲ, ಬಾಕಿ ಉಳಿದ ಕೆಲಸ. ಹೆಸರಿಡೋ ಮೊದಲೇ ನೋಂದಣಿ ಆಗಿರುತ್ತೆ, ಅದಕ್ಕೇ ಖಾಲಿ. ಸೆಕ್ಷನ್ 14ರಲ್ಲಿ ಹೆಸರು ಸೇರಿಸಬಹುದು: ನೋಂದಣಿಯಾದ 12 ತಿಂಗಳೊಳಗಾದರೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಿ. ನಿಮಗೆ ಇನ್ನೂ ಬೇಕಾದಷ್ಟು ಸಮಯ ಇದೆ. ಮನೇಲಿ ದೊಡ್ಡ ಮಕ್ಕಳಿದ್ದು ಹತ್ತನೇ ತರಗತಿಯ ಹೊತ್ತಿಗೂ ಹೆಸರು ಖಾಲಿಯಿದ್ದರೆ ಅವರದ್ದನ್ನು ಮಾತ್ರ ತಡ ಮಾಡಬೇಡಿ.

ಆದರೆ ಇಲ್ಲಿ ಒಂದು ಗಂಟೆ ಕೂತು ಯೋಚಿಸಿ. ಖಾಲಿ ಜಾಗಕ್ಕೆ ಹೆಸರು ಸೇರಿಸೋದು ಸುಲಭ, ಸೇರಿಸಿದ ಮೇಲೆ ಬದಲಿಸೋದು ಕಷ್ಟ. ಕಚೇರಿಯವರು ತಿದ್ದೋದು ತಪ್ಪನ್ನು, ಮನಸ್ಸು ಬದಲಾಗಿದ್ದನ್ನಲ್ಲ. ಜಾತಕದ ಹೆಸರೋ, ಕರೆಯೋ ಹೆಸರೋ, ಶಾಲೆಯಲ್ಲಿ ಈಗಾಗಲೇ ಬರೆಸಿದ್ದೋ, ಒಂದನ್ನು ಗಟ್ಟಿ ಮಾಡಿ. ಇನಿಷಿಯಲ್ ಬಿಡಿಸಿ ಬರೆಸಿ, ಯಾಕೆಂದರೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ಚುಕ್ಕೆ ಇಟ್ಟ ಇನಿಷಿಯಲ್ ನಡೆಯಲ್ಲ. ಇಂಗ್ಲಿಷ್ ಕಾಗುಣಿತವನ್ನು ನೀವೇ ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ. 'ಲತಾ' ಅನ್ನೋ ಎರಡಕ್ಷರಕ್ಕೇ ಟಿ ಒಂದೋ, ಟಿ ಪಕ್ಕ ಎಚ್ ಬೇಕೋ ಅಂತ ಇದೆ. 'ಗೀತಾ' ಆದರೆ ಐ ಒಂದೋ ಇ ಎರಡೋ ಅನ್ನೋದೂ ಸೇರುತ್ತೆ. ಟೈಪ್ ಮಾಡೋರ ಇಷ್ಟಕ್ಕೆ ಬಿಟ್ಟರೆ ಆಧಾರಿನಲ್ಲಿ ಒಂದು, ಇಲ್ಲಿ ಇನ್ನೊಂದು ಆಗುತ್ತೆ.

ಅಪ್ಪನ ಹೆಸರಿನ 'ಹ' ಬರವಣಿಗೆಯ ತಪ್ಪು. ಕರ್ನಾಟಕ ಜನನ ಮರಣ ನೋಂದಣಿ ನಿಯಮಗಳು, 1999ರ 11ನೇ ನಿಯಮದಲ್ಲಿ ಬರಹದ ತಪ್ಪು ಬೇರೆ, ವಿಷಯದ ತಪ್ಪು ಬೇರೆ. ಬರಹದ ತಪ್ಪನ್ನು ನೋಂದಣಾಧಿಕಾರಿ ವಿಚಾರಿಸಿ ತಾನೇ ಸರಿಮಾಡಬಹುದು. ಆಧಾರ್, ಮತದಾರರ ಚೀಟಿ, ಪಹಣಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಎಲ್ಲದರಲ್ಲೂ 'ಹ' ಇದ್ದರೆ ವಾದಕ್ಕೆ ಜಾಗವೇ ಇಲ್ಲ. ಒಂದರಲ್ಲಿ 'ಪ್ಪ' ಇದ್ದು ಇನ್ನೊಂದರಲ್ಲಿ ಬರೀ ಹೆಸರಿದ್ದರೆ ಮೊದಲು ನಿಮ್ಮದನ್ನು ಸರಿಮಾಡಿಕೊಳ್ಳಿ, ಆಮೇಲೆ ಮಗಳದ್ದು.

ಅಮ್ಮನ ಹೆಸರು ವಿಷಯದ ತಪ್ಪಿನ ಸಾಲಿಗೆ ಬರುತ್ತೆ. ಕಾಗದದ ಮೇಲೆ ನೋಡೋರಿಗೆ ಅವು ಇಬ್ಬರು ಬೇರೆ ಹೆಂಗಸರ ಹೆಸರು. ಇಬ್ಬರೂ ಒಬ್ಬರೇ ಅಂತ ತೋರಿಸೋ ಹೊರೆ ನಿಮ್ಮದು. ನಿಯಮ ಕೇಳೋದು, ವಿಷಯ ಗೊತ್ತಿರೋ ನಂಬಿಕಸ್ಥ ಇಬ್ಬರ ಘೋಷಣೆ: ತಪ್ಪೇನು, ನಿಜ ಏನು ಅಂತ. ಹೆರಿಗೆ ದಿನ ಆಸ್ಪತ್ರೆಯಲ್ಲಿದ್ದ ಅಜ್ಜ ಅಥವಾ ಮಾವನೇ ಇದಕ್ಕೆ ಸರಿಯಾದ ಸಾಕ್ಷಿ. ಬೀದೀಲಿ ಸಿಕ್ಕವರ ಸಹಿ ಹಾಕಿಸಿದರೆ ಅಧಿಕಾರಿ ಎರಡು ಪ್ರಶ್ನೆ ಕೇಳಿದ ಕೂಡಲೇ ಗೊತ್ತಾಗುತ್ತೆ. ಇದರ ಜೊತೆ ತಾಯಿಯ ಅಫಿಡವಿಟ್. ಹಿಂದೆ 20 ರೂಪಾಯಿ ಛಾಪಾ ಕಾಗದ ಸಾಕಿತ್ತು, 2024ರಿಂದ ಅಫಿಡವಿಟ್‌ಗೆ 100 ರೂಪಾಯಿ ಮುದ್ರಾಂಕ. ಹಳೇ ಲೆಕ್ಕದಲ್ಲಿ ಮಾಡಿಸಿದರೆ ವಾಪಸ್ ಬರುತ್ತೆ.

ದಾಖಲೆ ಆರಿಸುವಾಗ ಗಮನಿಸಿ: ತಾಯಿಯ ಹೆಸರಿಗೆ ಮಗು ಹುಟ್ಟೋ ಮೊದಲಿನ ಕಾಗದವೇ ತೂಕದ್ದು. ಅವರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಶಾಲೆಯ ಟಿ.ಸಿ., ಮದುವೆ ನೋಂದಣಿ ಪತ್ರ, 2019ಕ್ಕಿಂತ ಹಿಂದಿನ ಮತದಾರರ ಚೀಟಿ. ಹೋದ ತಿಂಗಳು ಹೆಸರು ಬದಲಿಸಿದ ಆಧಾರ್ ತಂದಿಟ್ಟರೆ ಅದು ಈಗಿನ ಹೆಸರನ್ನು ಹೇಳುತ್ತೆ ಹೊರತು ಹೆರಿಗೆ ಹೊತ್ತಿನ ಹೆಸರನ್ನಲ್ಲ. ತಾಯಿ ಕಾರ್ಡ್ ಇನ್ನೂ ಮನೇಲಿದ್ದರೆ ಹುಡುಕಿ. ಅದರಲ್ಲಿ ಸರಿಯಾದ ಹೆಸರಿದ್ದರೆ ಅರ್ಧ ಕೆಲಸ ಮುಗೀತು.

ಅಫಿಡವಿಟ್‌ನಲ್ಲಿ ಎರಡು ಹೆಸರೂ, ತಂದೆಯ ಹೆಸರು, ಗಂಡನ ಹೆಸರು, ಊರು, ಮಗುವಿನ ನೋಂದಣಿ ಸಂಖ್ಯೆ, 'ಈ ಎರಡೂ ಹೆಸರು ನನ್ನವೇ' ಅನ್ನೋ ವಾಕ್ಯ ಇರಲಿ. ನೋಟರಿ ಹತ್ತಿರ ಸಿದ್ಧ ಮಾದರಿ ಇರುತ್ತೆ, ಹಾಗೇ ಸಹಿ ಹಾಕಬೇಡಿ, ಓದಿ. ಹಿಂದಿನ ಗಿರಾಕಿಯ ನೋಂದಣಿ ಸಂಖ್ಯೆ ಉಳಿದುಹೋಗಿರೋದೂ ಉಂಟು.

ದಿನಾಂಕದ ವಿಷಯಕ್ಕೆ ಕೈ ಹಾಕಬೇಡಿ ಅಂತ ನನ್ನ ಸಲಹೆ. ಹೆರಿಗೆ ಎಷ್ಟು ಹೊತ್ತಿಗೆ ಆಯ್ತು ಅಂತ ಮೊದಲು ಕೇಳಿ. ರಾತ್ರಿ 12ರಿಂದ ಬೆಳಗಿನ ಜಾವದೊಳಗೆ ಆಗಿದ್ದರೆ ಇದು ತಪ್ಪೇ ಅಲ್ಲ. ಪಂಚಾಂಗಕ್ಕೆ ದಿನ ಶುರುವಾಗೋದು ಸೂರ್ಯೋದಯಕ್ಕೆ, ಆಸ್ಪತ್ರೆಗೆ ನಡುರಾತ್ರಿ 12ಕ್ಕೆ. ಸೋಮವಾರ ರಾತ್ರಿ 2 ಗಂಟೆಗೆ ಹುಟ್ಟಿದ ಮಗು ಜಾತಕದಲ್ಲಿ ಸೋಮವಾರದ್ದು, ರಿಜಿಸ್ಟರಿನಲ್ಲಿ ಮಂಗಳವಾರದ್ದು. ಎರಡೂ ಸರಿ. ಜಾತಕ ತಂದು ತೋರಿಸಿದರೆ ಯಾವ ಕಚೇರಿಯೂ ದಿನಾಂಕ ಬದಲಿಸಲ್ಲ.

ನಿಜವಾಗಿಯೂ ತಪ್ಪಾಗಿದ್ದರೆ, 3 ಮತ್ತು 8 ಅದಲುಬದಲಾಗಿರೋದು, ತಿಂಗಳು-ದಿನ ತಿರುಗಿರೋದು, ಆಗ ಆಸ್ಪತ್ರೆಯ ಕೇಸ್ ಶೀಟ್ ಅಥವಾ ಹೆರಿಗೆ ಪುಸ್ತಕದ ದೃಢೀಕರಿಸಿದ ನಕಲೇ ಆಧಾರ. ಬೇಗ ಕೇಳಿ: ಒಳರೋಗಿಗಳ ದಾಖಲೆಯನ್ನು ವೈದ್ಯರು ಕನಿಷ್ಠ 3 ವರ್ಷ ಇಡಬೇಕು ಅಂತ ವೈದ್ಯಕೀಯ ನಿಯಮ ಹೇಳುತ್ತೆ, ಅದರಾಚೆ ಇದ್ದರೆ ಅದೃಷ್ಟ. ಆಧಾರ್ ಹುಟ್ಟಿದ ದಿನಕ್ಕೆ ಪುರಾವೆ ಅಲ್ಲ. ಶಾಲೆಯ ದಾಖಲೆಯೂ ಇಲ್ಲಿ ನಿಲ್ಲಲ್ಲ, ಯಾಕೆಂದರೆ ಅದು ಆಮೇಲೆ ಬರೆದದ್ದು. ನಮ್ಮ ಕಡೆ ಹಿಂದಿನ ತಲೆಮಾರಿನ ಎಷ್ಟು ಜನ ಜೂನ್ 1ಕ್ಕೆ ಹುಟ್ಟಿದ್ದಾರೆ ನೋಡಿ, ಅವರೆಲ್ಲ ಮೇಷ್ಟ್ರ ಲೇಖನಿಯಲ್ಲಿ ಹುಟ್ಟಿದವರು.

ಅರ್ಜಿ ಬಿಳಿ ಹಾಳೆಯಲ್ಲಿ ಸಾಕು. ಮೇಲೆ ನೋಂದಣಿ ಸಂಖ್ಯೆ, ನೋಂದಣಿ ದಿನಾಂಕ. ಆಮೇಲೆ ಹೀಗೆ: 'ತಂದೆಯ ಹೆಸರು ಈಗ ಇರುವುದು ಇದು, ಇರಬೇಕಾದದ್ದು ಇದು. ತಾಯಿಯ ಹೆಸರು ಈಗ ಇರುವುದು ಇದು, ಇರಬೇಕಾದದ್ದು ಇದು. ತಪ್ಪಾಗಲು ಕಾರಣ ಇದು. ಲಗತ್ತಿಸಿದ ದಾಖಲೆಗಳು ಇವು. ಜನನ ಮರಣ ನೋಂದಣಿ ಕಾಯ್ದೆ, 1969ರ ಸೆಕ್ಷನ್ 15ರಂತೆ ತಿದ್ದುಪಡಿ ಮಾಡಿಕೊಡಬೇಕಾಗಿ ಕೋರಿಕೆ.' ಹೆಸರು ಸೇರಿಸೋದಕ್ಕೆ ಸೆಕ್ಷನ್ 14ರಲ್ಲಿ ಬೇರೆ ಅರ್ಜಿ ಕೊಡಿ, ಎರಡನ್ನೂ ಬೆರೆಸಿದರೆ ಕಷ್ಟದ್ದಕ್ಕಾಗಿ ಸುಲಭದ್ದೂ ನಿಂತುಬಿಡುತ್ತೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಅದಿಲ್ಲದೆ ಕಚೇರಿ ಬಿಟ್ಟು ಬರಬೇಡಿ.

'ಕೋರ್ಟಿಂದ ಆದೇಶ ತನ್ನಿ' ಅಂತ ಬಾಯಿಮಾತಲ್ಲಿ ಕಳಿಸೋದು ಆಗಾಗ ನಡೆಯುತ್ತೆ. ಸೆಕ್ಷನ್ 15 ಅಧಿಕಾರ ಕೊಟ್ಟಿರೋದು ನೋಂದಣಾಧಿಕಾರಿಗೇ. ಬೇಡ ಅನ್ನೋದಾದರೆ ಕಾರಣ ಬರೆದು ಹಿಂಬರಹ, ಅಂದರೆ ಲಿಖಿತ ಉತ್ತರ, ಕೊಡಿ ಅಂತ ಮರ್ಯಾದೆಯಿಂದ ಕೇಳಿ. ಹಿಂಬರಹ ಕೈಗೆ ಬಂದರೆ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಗೆ, ಮೇಲ್ಮನವಿ ಹಾಕಬಹುದು. 2023ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 25ಎ ಇದು, 90 ದಿನದೊಳಗೆ ತೀರ್ಮಾನ ಆಗಬೇಕು. ಜಿಲ್ಲಾ ಸಂಖ್ಯಾಸಂಗ್ರಹಣಾಧಿಕಾರಿಗಳ ಕಚೇರಿಯಲ್ಲೂ ಒಮ್ಮೆ ವಿಚಾರಿಸಿ, ಅವರೇ ಅಪರ ಜಿಲ್ಲಾ ನೋಂದಣಾಧಿಕಾರಿ. ಬಹಳಷ್ಟು ಸಲ ಅಲ್ಲಿಂದ ಒಂದು ಫೋನು ಹೋದರೆ ಕೆಲಸ ಮುಂದಕ್ಕೆ ಹೋಗುತ್ತೆ.

ಈಗ ಆ ಏಜೆಂಟ್ ಹೇಳಿದ್ದು. ಹೊಸದಾಗಿ ಮಾಡಿಸೋದು ಅಂದರೆ, ಈ ಮಗುವಿನ ಜನನ ನೋಂದಣಿ ಆಗೇ ಇಲ್ಲ ಅಂತ ಪ್ರಮಾಣ ಮಾಡೋದು. ಒಂದು ವರ್ಷ ದಾಟಿದ ಜನನಕ್ಕೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿ, ಇಲ್ಲವೇ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಅವರ ಮುಂದೆ ಸುಳ್ಳು ಅಫಿಡವಿಟ್ ಇಡೋರು ನೀವು, ಏಜೆಂಟ್ ಅಲ್ಲ. ಆದೇಶ ಸಿಕ್ಕರೂ ಒಂದೇ ಮಗುವಿಗೆ ಎರಡು ನೋಂದಣಿ ಆಗುತ್ತೆ. ಮುಂದೆ ಪಾಸ್‌ಪೋರ್ಟಿಗೋ ವೀಸಾಕ್ಕೋ ಪರಿಶೀಲನೆ ಆದಾಗ ಮೊದಲನೇದು ಹೊರಬಂದರೆ ಎರಡನೇದು ರದ್ದಾಗುತ್ತೆ, ಅಷ್ಟರಲ್ಲಿ ಅದರ ಮೇಲೆ ಮಾಡಿಸಿದ ದಾಖಲೆಗಳೆಲ್ಲ ನೇತಾಡುತ್ತವೆ.

ಸರಿಯಾದ ತಿದ್ದುಪಡಿಯಲ್ಲಿ ಹಳೇ ನಮೂದನ್ನು ಅಳಿಸಲ್ಲ. ರಿಜಿಸ್ಟರಿನ ಅಂಚಿನಲ್ಲಿ ಸರಿಯಾದ್ದನ್ನು ಬರೆದು ಅಧಿಕಾರಿ ಸಹಿ, ದಿನಾಂಕ ಹಾಕ್ತಾರೆ. ಹೊಸ ಪ್ರತಿ ಕೈಗೆ ಬಂದಾಗ ಕೌಂಟರಿನಲ್ಲೇ ನಿಂತು ನೋಡಿ: ನೋಂದಣಿ ಸಂಖ್ಯೆ ಹಳೇದೇ ಇರಬೇಕು, ನೋಂದಣಿ ದಿನಾಂಕ 2019ರದ್ದೇ ಇರಬೇಕು, ಪ್ರತಿ ಕೊಟ್ಟ ದಿನಾಂಕ ಮಾತ್ರ ಹೊಸದು. ನೋಂದಣಿ ದಿನಾಂಕ ಈ ವರ್ಷದ್ದಾಗಿದ್ದರೆ ತಿದ್ದುಪಡಿ ಬದಲು ಹೊಸ ನೋಂದಣಿ ಮಾಡಿದ್ದಾರೆ ಅಂತ ಅರ್ಥ, ತಗೊಳ್ಳದೆ ವಾಪಸ್ ಕೊಡಿ. ಕನ್ನಡ, ಇಂಗ್ಲಿಷ್ ಎರಡನ್ನೂ ಅಕ್ಷರ ಅಕ್ಷರ ಓದಿ, ಕನ್ನಡದಲ್ಲಿ 'ಹ' ಬಂದು ಇಂಗ್ಲಿಷಿನಲ್ಲಿ ಹಳೇದೇ ಉಳಿದಿರೋದು ಸಾಮಾನ್ಯ. ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ತೆರೆದು ಅಲ್ಲಿ ಬರೋದೂ ಇದೇ ತಾನೇ ಅಂತ ನೋಡಿಕೊಳ್ಳಿ.

ಕೆಳಗೆ ಇನ್ನೊಬ್ಬರು ಹೋದ ವರ್ಷ ಹುಟ್ಟಿದ ಮಗುವಿನ ಬಗ್ಗೆ ಕೇಳಿದ್ದಾರೆ. 2023ರ ಅಕ್ಟೋಬರ್ 1ರಿಂದೀಚೆ ಹುಟ್ಟಿದವರಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಪಟ್ಟಿ ಎಲ್ಲಕ್ಕೂ ಹುಟ್ಟಿದ ದಿನ, ಜಾಗದ ಪುರಾವೆ ಇದೇ ಒಂದು ಹಾಳೆ. ಅವರು ಮಗುವಿಗೆ ಆಧಾರ್ ಮಾಡಿಸೋ ಮೊದಲೇ ಇದನ್ನು ಸರಿಮಾಡಿಸಲಿ.