ಮಳೆಗಾಲಕ್ಕೆ ಎರಡೇ ಹೊಸ ಟೈರ್ ಹಾಕಿಸೋದಾದರೆ ಮುಂದಕ್ಕಾ, ಹಿಂದಕ್ಕಾ? ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡೋದು) ಬೇಕೇ ಬೇಕಾ?

ಹಿಂದಕ್ಕೆ. ಬೇಕೇ ಬೇಕು. ಇಷ್ಟು ಸಾಕು ಅನ್ನಿಸಿದರೆ ಇಲ್ಲಿಗೇ ಓದು ನಿಲ್ಲಿಸಬಹುದು.

"ಕಾರನ್ನ ಎಳೆಯೋದು ಮುಂದಿನ ಚಕ್ರ, ಸ್ಟೀರಿಂಗೂ ಅಲ್ಲೇ, ಹಾಗಾಗಿ ಒಳ್ಳೆ ಟೈರ್ ಮುಂದಕ್ಕೇ ತಾನೆ?" ಅಂತ ಬರೆದಿದ್ದೀರಲ್ಲ, ಆರು ವರ್ಷದ ಹಿಂದೆ ಟೈರ್ ಅಂಗಡಿಯಲ್ಲಿ ನಿಂತು ನಾನೂ ಇದೇ ಮಾತು ಹೇಳಿದ್ದೆ. ಹುಡುಗ ತಲೆ ಆಡಿಸಿ ಹಾಗೇ ಹಾಕಿಕೊಟ್ಟ. ಮುಂದಿದ್ದ ಹಳೇ ಎರಡು ಹಿಂದಕ್ಕೆ ಹೋದವು.

ಅದಾದ ಮೂರನೇ ವಾರ, ಜುಲೈನಲ್ಲಿ, ಹೆಂಡತಿಯ ತವರು ಪುತ್ತೂರಿಗೆ ಹೊರಟೆವು. ಶಿರಾಡಿ ಘಾಟಿಯಲ್ಲಿ ಏನೂ ಆಗಲಿಲ್ಲ, ಹೆದರಿಕೊಂಡು ಎರಡನೇ ಗೇರಲ್ಲೇ ಇಳಿದಿದ್ದೆ. ಗುಂಡ್ಯ ದಾಟಿ, ಇನ್ನೇನು ಘಾಟಿ ಮುಗೀತು ಅಂತ ಧೈರ್ಯ ಬಂದ ಮೇಲೆ ಆಗಿದ್ದು. ನೆಲ್ಯಾಡಿಗಿಂತ ಮುಂಚೆ ಎಡಕ್ಕೊಂದು ತಿರುವು, 70ರ ಹತ್ತಿರ ಸ್ಪೀಡು. ರಸ್ತೆಗೆ ಅಡ್ಡ ನೀರು ಹರೀತಿರೋದು ಕಂಡು ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಮುಟ್ಟಿದೆ. ಮುಟ್ಟಿದ್ದಷ್ಟೇ. ಹಿಂಭಾಗ ಬಲಕ್ಕೆ ಜಾರಿತು, ಸ್ಟೀರಿಂಗ್ ಏನು ತಿರುಗಿಸಿದೆನೋ ಗೊತ್ತಿಲ್ಲ, ಬುಗುರಿ ಥರ ಸುತ್ತಿ ಬಂದ ದಾರಿಗೇ ಮುಖ ಮಾಡಿ ಚರಂಡಿ ಅಂಚಲ್ಲಿ ನಿಂತೆವು. ಎದುರಿಂದ ಲಾರಿ ಬರಲಿಲ್ಲ, ಪುಣ್ಯ.

ನೆಲ್ಯಾಡಿಯಲ್ಲಿ ಪಂಕ್ಚರ್ ಅಂಗಡಿಯವರು ಹಿಂದಿನ ಚಕ್ರ ಬಿಚ್ಚಿ ನೆಲಕ್ಕೆ ಮಲಗಿಸಿ, "ಎಂಥ ಮಾರಾಯ್ರೆ, ಒಳಗಿನ ಸೈಡು ನೋಡ್ಲೇ ಇಲ್ವಾ ನೀವು?" ಅಂದರು. ಹೊರಗಡೆ ಬಟನ್, ಅಂದ್ರೆ ಟೈರಿನ ಮೇಲಿನ ಗೀರುಗಳ ಅಚ್ಚು, ಚೆನ್ನಾಗಿಯೇ ಇತ್ತು. ಒಳ ಅಂಚಲ್ಲಿ ಮೂರು ಬೆರಳಗಲ ಪೂರ್ತಿ ಬೋಳು, ಒಂದು ಕಡೆ ತಂತಿ ಇಣುಕ್ತಿತ್ತು.

ತಪ್ಪು ಎಲ್ಲಿ ಶುರುವಾಯ್ತು ಅಂತ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ನನಗೇ ಅರ್ಥವಾಗೋಕೆ ತಿಂಗಳು ಹಿಡೀತು. ಅದಕ್ಕೂ ಒಂದು ವರ್ಷ ಮುಂಚೆ ಗುಂಡಿಗೆ ಬಿದ್ದು ಸ್ಟೀರಿಂಗ್ ಸ್ವಲ್ಪ ಓರೆಯಾಗಿತ್ತು. ಓಡ್ತಿದೆಯಲ್ಲ ಅಂತ ಬಿಟ್ಟೆ. ಆಗಲೇ ಮುಂದಿನ ಚಕ್ರಗಳ ಟೋ ಹೊರಕ್ಕೆ ಹೋಗಿತ್ತು, ಅಂದ್ರೆ ಎರಡೂ ಚಕ್ರ ಚಾರ್ಲಿ ಚಾಪ್ಲಿನ್ ಪಾದದ ಹಾಗೆ ಬಿಚ್ಚಿಕೊಂಡಿದ್ದವು. ನೇರ ಹೋಗ್ತಿದ್ದರೂ ಟೈರು ದಿನವಿಡೀ ಅಡ್ಡಡ್ಡ ಉಜ್ಜಿಕೊಳ್ಳುತ್ತೆ, ಒಳ ಅಂಚು ತಿಂದುಹೋಗುತ್ತೆ. ನಿಂತು ನೋಡಿದರೆ ಕಾಣೋದು ಹೊರ ಅಂಚು ಮಾತ್ರ. ಆ ತಿಂದುಹೋದ ಜೋಡಿಯನ್ನೇ ನಾನು ಹಿಂದಕ್ಕೆ ಹಾಕಿಸಿದ್ದು. ಗೀರುಗಳ ಕೆಲಸ ಟೈರಡಿಯ ನೀರನ್ನ ಹೊರಗೆ ತಳ್ಳೋದು. ಗೀರಿಲ್ಲದ ಕಡೆ ಟೈರು ನೀರಿನ ಮೇಲೆ ತೇಲುತ್ತೆ. ಬ್ರೇಕ್ ಮುಟ್ಟಿದ ಕೂಡಲೇ ಭಾರ ಮುಂದಕ್ಕೆ ವಾಲಿ ಹಿಂಭಾಗ ಹಗುರಾಯ್ತು. ಮುಂದಿನ ಹೊಸ ಟೈರ್ ರಸ್ತೆ ಕಚ್ಚಿ ತಿರುಗಿತು, ಹಿಂದಿನದು ಕಚ್ಚಲಿಲ್ಲ.

ಮುಂದಿನ ಟೈರ್ ಜಾರಿದರೆ ಸ್ಟೀರಿಂಗ್ ಹಗುರಾಗಿ ಕೈಗೆ ಮೊದಲೇ ಗೊತ್ತಾಗುತ್ತೆ, ಸ್ಪೀಡು ಇಳಿಸಿದರೆ ಸಾಮಾನ್ಯವಾಗಿ ಹಿಡಿತ ವಾಪಸ್ ಬರುತ್ತೆ. ಹಿಂದಿನದು ಹೇಳದೇ ಕೇಳದೇ ಹೋಗುತ್ತೆ. ಅದನ್ನ ಹಿಡಿಯೋ ಕೈ ನನ್ನದಲ್ಲ, ನಿಮ್ಮದೂ ಅಲ್ಲ.

ಹಾಗಾಗಿ ಮುಂದೆಯೋ ಹಿಂದೆಯೋ ಅನ್ನೋ ಪ್ರಶ್ನೆಯೇ ನನ್ನ ಪ್ರಕಾರ ಎರಡನೆಯದು. ಮೊದಲು ಕಾರನ್ನ ಲಿಫ್ಟ್ ಮೇಲೆ ಹತ್ತಿಸಿ ನಾಲ್ಕೂ ಟೈರಿನ ಒಳ ಅಂಚಿಗೆ ಅಂಗೈ ಸವರಿ. ಒಂದು ಕಡೆಗೆ ಸವರಿದರೆ ನುಣುಪು, ವಾಪಸ್ ಎಳೆದರೆ ಗರಗಸದ ಹಲ್ಲಿನ ಥರ ಸಿಕ್ಕಿದರೆ ಟೋ ಕೆಟ್ಟಿದೆ ಅಂತಲೇ ಲೆಕ್ಕ. ಆಗ ಅಲೈನ್‌ಮೆಂಟ್ ಮಾಡಿಸದೇ ಹೊಸ ಟೈರ್ ಹಾಕಿಸೋದು ತೂತು ಬಿಂದಿಗೆಗೆ ನೀರು ಹೊತ್ತ ಹಾಗೆ. ಬ್ಯಾಲೆನ್ಸಿಂಗ್ ಮಾಡಿಸಿದ್ದೀನಿ ಅನ್ನಬೇಡಿ, ಅದು ಚಕ್ರದ ತೂಕ ಸುತ್ತಲೂ ಸಮ ಮಾಡೋದು, ಬೇರೆ ಕೆಲಸ.

ಕಾನೂನು 1.6 ಮಿ.ಮೀ. ಗೀರು ಉಳಿದಿದ್ದರೆ ಸಾಕು ಅನ್ನುತ್ತೆ. ಹೊಸ ಟೈರಲ್ಲಿ ಸುಮಾರು 7-8 ಇರುತ್ತೆ. ನಾನೀಗ 3ಕ್ಕೆ ಬಂದರೆ ಎಸೆದುಬಿಡ್ತೀನಿ, ಹೆಂಡತಿ ದುಂದು ಅಂತಾಳೆ, ಅನ್ನಲಿ.

ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತೆ ಅಂದಿದ್ದೀರಿ. ನೀರು ಹರಿಯೋಕೆ ಅಂತ ರಸ್ತೆಯೇ ಎಡಕ್ಕೆ ಇಳಿಜಾರಿರುತ್ತೆ, ಅದೂ ಇರಬಹುದು. ಒಳ ಅಂಚಿನ ಫೋಟೋ ಹಾಕಿ, ನೋಡಿ ಹೇಳ್ತೀನಿ. ಹೊರಗಿನದು ಬೇಡ.