ಸ್ಲಾತ್ ಮೈಯ ಪತಂಗ ಹುಟ್ಟುವುದೆಲ್ಲಿ?

ಪ್ರಶ್ನೆ: ಮರದ ಮೇಲೆ ಬಾಳುವ, ಬಲು ನಿಧಾನದ ಸ್ಲಾತ್ ಎಂಬ ಪ್ರಾಣಿಯ ತುಪ್ಪಳದಲ್ಲಿ ಪತಂಗಗಳು ಇರುತ್ತವಂತೆ. ಅವುಗಳ ಮರಿಹುಳು ಉಣ್ಣೆ ಬಟ್ಟೆ ತಿನ್ನುವ ಹುಳುವಿನ ಹಾಗೆ ಆ ಕೂದಲನ್ನೇ ತಿನ್ನುತ್ತದೆಯೇ? ಇದರಿಂದ ಸ್ಲಾತ್‌ಗೆ ಏನಾದರೂ ಲಾಭವಿದೆಯೇ?

ಉತ್ತರ: ಕೂದಲಿನ ಗೊಡವೆಗೇ ಅದು ಹೋಗುವುದಿಲ್ಲ. ನಾನೂ ಬಹಳ ಕಾಲ ನಿಮ್ಮ ಹಾಗೇ ಅಂದುಕೊಂಡಿದ್ದೆ. ಆದರೆ ಮರಿಹುಳು ಸ್ಲಾತ್‌ನ ಮೈಮೇಲೆ ಇರುವುದೇ ಇಲ್ಲ! ಅದು ಬೆಳೆಯುವುದು ನೆಲದಲ್ಲಿ, ಸ್ಲಾತ್‌ನ ಹಿಕ್ಕೆಯೊಳಗೆ. ಮನೆಯೂ ಅದೇ, ಊಟವೂ ಅದೇ.

ಈ ಪತಂಗದ ಹೆಸರು ಕ್ರಿಪ್ಟೋಸಿಸ್ ಕೊಲೊಯೆಪಿ. ಪನಾಮಾ, ಕೋಸ್ಟರಿಕಾ ಕಡೆಯ ಮಳೆಕಾಡಿನದು. ಪುಟ್ಟ ಪತಂಗ, ಬಣ್ಣವೂ ಮಂಕು. ಒಂದೇ ಸ್ಲಾತ್‌ನ ಮೈಯಲ್ಲಿ ನೂರಕ್ಕಿಂತ ಜಾಸ್ತಿ ಸಿಕ್ಕಿದ್ದೂ ಉಂಟು. ಅಮೆರಿಕದ ಕೀಟತಜ್ಞ ಹ್ಯಾರಿಸನ್ ಡಯರ್ ಇದಕ್ಕೆ ಹೆಸರಿಟ್ಟದ್ದು 1908ರಲ್ಲಿ. ಮರಿಹುಳು ಹಿಕ್ಕೆಯಲ್ಲಿ ಬೆಳೆಯುತ್ತದೆ ಎಂಬ ವರದಿ ಬಂದದ್ದು 1976ರಲ್ಲಿ. ಎಪ್ಪತ್ತು ವರ್ಷದ ಹತ್ತಿರ ಹತ್ತಿರ, ನೋಡಿ.

ಮೂರು ಬೆರಳಿನ ಸ್ಲಾತ್ ತಿನ್ನುವುದು, ಮಲಗುವುದು ಎಲ್ಲ ಮರದ ಮೇಲೆಯೇ. ನೆಲಕ್ಕೆ ಇಳಿಯುವುದು ಸುಮಾರು ವಾರಕ್ಕೊಮ್ಮೆ, ಅದೂ ಕಕ್ಕಸಿಗೆ! ಮೋಟು ಬಾಲದಿಂದ ಮರದ ಬುಡದಲ್ಲಿ ಸಣ್ಣ ಗುಣಿ ಮಾಡುತ್ತದೆ. ಕೆಲಸ ಮುಗಿದ ಮೇಲೆ ತರಗೆಲೆ ಮುಚ್ಚಿ ಹತ್ತಿಹೋಗುತ್ತದೆ. ಹೆಣ್ಣು ಪತಂಗಕ್ಕೆ ಬೇಕಾದದ್ದು ಅಷ್ಟೇ ಹೊತ್ತು. ತುಪ್ಪಳ ಬಿಟ್ಟು ಬಂದು ಹಸಿ ಹಿಕ್ಕೆಯ ಮೇಲೆ ಮೊಟ್ಟೆ ಇಡುತ್ತದೆ. ಈ ಸಲ ತಪ್ಪಿದರೆ ಮುಂದಿನ ವಾರವೇ ಗತಿ.

ಮೊಟ್ಟೆಯಿಂದ ಬಂದ ಹುಳು ರೇಷ್ಮೆ ನೂಲು ಬಿಟ್ಟು ಹಿಕ್ಕೆಗಳನ್ನು ಹೆಣೆದುಕೊಂಡು, ಅದನ್ನೇ ತಿನ್ನುತ್ತಾ ಬೆಳೆಯುತ್ತದೆ. ಪ್ಯೂಪಾ, ಅಂದರೆ ಪತಂಗವಾಗುವ ಮುಂಚಿನ ಕೋಶ, ಆಗುವುದೂ ಅಲ್ಲೇ. ಕೊನೆಗೆ ರೆಕ್ಕೆ ಬಂದ ಪತಂಗ ಮರಗಳ ನೆತ್ತಿಗೆ ಹಾರಿ ಸ್ಲಾತ್ ಹುಡುಕಬೇಕು. ಅಮ್ಮ ಇದ್ದ ಸ್ಲಾತೇ ಸಿಗಬೇಕೆಂದೇನಿಲ್ಲ. ಎಲೆಗಳ ಮಧ್ಯೆ ಅಲುಗಾಡದೆ ಕೂತಿರುವ ಪ್ರಾಣಿಯನ್ನು ಹುಡುಕುವುದು ಸುಮ್ನೆ ಮಾತಲ್ಲ.

ಇನ್ನು ಲಾಭದ ಮಾತು. ಪತಂಗ ಜಾಸ್ತಿ ಇದ್ದ ಸ್ಲಾತ್‌ನ ತುಪ್ಪಳದಲ್ಲಿ ಸಾರಜನಕ ಜಾಸ್ತಿ, ಹಸಿರು ಪಾಚಿಯೂ ಜಾಸ್ತಿ ಎಂದು 2014ರಲ್ಲಿ ಒಂದು ಅಧ್ಯಯನ ಹೇಳಿತು. ಆ ಪಾಚಿಯನ್ನು ಸ್ಲಾತ್ ನೆಕ್ಕಿ ತಿನ್ನುತ್ತದೆ, ಅದಕ್ಕೇ ಅಪಾಯವಿದ್ದರೂ ಕೆಳಗಿಳಿದು ಪತಂಗ ಸಾಕುತ್ತದೆ ಎಂಬುದು ಅವರ ವಾದ. ಕೇಳಲು ಚೆಂದ, ಅಲ್ವಾ? ಆದರೆ ಒಪ್ಪದವರೂ ಇದ್ದಾರೆ, ನಾನೂ ಅವರ ಜೊತೆಗೇ. ಪಾಚಿ ಬೆಳೆಯುತ್ತದೆ ಎಂಬುದು ಸರಿ. ಸ್ಲಾತ್ ಇಳಿಯುವುದು ಅದಕ್ಕಾಗಿಯೇ ಎನ್ನುವುದಕ್ಕೆ ಅಷ್ಟು ಸಾಕ್ಷಿ ಸಾಲದು.