ಒಪ್ಪಿ ಸಹಿ ಹಾಕಿದ ಮೇಲೆ ಅಪೀಲು ಉಂಟೇ?

ಓದುಗರೊಬ್ಬರ ಪತ್ರ: "ವಂಚನೆ ಪ್ರಕರಣದಲ್ಲಿ ನನ್ನ ತಮ್ಮ ಪ್ಲೀ ಬಾರ್ಗೇನಿಂಗ್‌ಗೆ (ಕಡಿಮೆ ಶಿಕ್ಷೆಗಾಗಿ ಮಾತುಕತೆಯ ಮೂಲಕ ತಪ್ಪೊಪ್ಪಿಕೊಳ್ಳುವ ಕ್ರಮ) ಒಪ್ಪಿದ. ಹಿಂದೆ ಅವನ ಮೇಲೆ ಯಾವ ಕೇಸೂ ಇರಲಿಲ್ಲ. ಆರು ತಿಂಗಳಲ್ಲಿ ಮುಗಿಯುತ್ತದೆ ಎಂದು ವಕೀಲರು ಹೇಳಿದ್ದರು. ಈಗ 18 ತಿಂಗಳ ಸಜೆಯಾಗಿದೆ. ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಬಹುದೇ?"

ಸಂಪಾದಕರ ಉತ್ತರ: ಮೊದಲು ತೀರ್ಪಿನ ಸರ್ಟಿಫೈಡ್ ಕಾಪಿ ತೆಗೆಸಿ, ಅದು ಯಾವ ಕಲಮಿನಡಿ ಬಂದಿದೆ ನೋಡಿ. ಎರಡು ಬಗೆಯ ತಪ್ಪೊಪ್ಪಿಗೆಯನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಚಾರ್ಜ್ ಓದಿ ಹೇಳಿದಾಗ ನೇರವಾಗಿ ತಪ್ಪೊಪ್ಪಿದ್ದರೆ, ಶಿಕ್ಷೆ ಹೆಚ್ಚಾಯಿತು ಅಥವಾ ಕಾನೂನಿಗೆ ವಿರುದ್ಧವಾಗಿದೆ ಎಂದು ಅಪೀಲು ಹೋಗಲು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ಕಲಂ 416 ಅವಕಾಶ ಉಳಿಸಿದೆ. ಕಲಂ 289ರಿಂದ 300ರವರೆಗಿನ ಪ್ಲೀ ಬಾರ್ಗೇನಿಂಗ್ ಆಗಿದ್ದರೆ ಅಷ್ಟೂ ಇಲ್ಲ: ಕಲಂ 295ರ ಪ್ರಕಾರ ತೀರ್ಪೇ ಅಂತಿಮ. ಸೆಷನ್ಸ್ ಕೋರ್ಟಿಗೆ ಹೋದರೆ ದಿನ ಹಾಳು, ಹಣ ಹಾಳು. ಉಳಿಯುವುದು ಸಂವಿಧಾನದ 226, 227ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್, ಮತ್ತೆ 136ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ.

ರಿಟ್ಟಿನಲ್ಲಿ ಸಾಕ್ಷ್ಯವನ್ನು ಹೊಸದಾಗಿ ತೂಗುವುದಿಲ್ಲ. ನಿಮ್ಮ ತಮ್ಮ ತಪ್ಪೇ ಮಾಡಿಲ್ಲ ಎಂದು ಅಲ್ಲಿ ವಾದಿಸಿ ಫಲವಿಲ್ಲ. ಕ್ರಮ ತಪ್ಪಿದ್ದನ್ನು ತೋರಿಸಬೇಕು. ಅದಕ್ಕೆ ಮೂರು ಕಾಗದ ಬೇಕು: ಪ್ಲೀ ಬಾರ್ಗೇನಿಂಗ್ ಅರ್ಜಿಯ ಜೊತೆಗಿನ ಅಫಿಡವಿಟ್, ನ್ಯಾಯಾಧೀಶರು ಎದುರು ಪಕ್ಷದವರನ್ನು ಹೊರಗಿಟ್ಟು ಆರೋಪಿಯೊಬ್ಬನನ್ನೇ ವಿಚಾರಿಸಿದ ದಾಖಲೆ, ಮಾತುಕತೆಯ ವರದಿ. ಸ್ವಇಚ್ಛೆಯಿಂದ ಒಪ್ಪಿದ್ದಾನೆಯೇ ಎಂದು ಕೋರ್ಟು ಖಾತ್ರಿಪಡಿಸಿಕೊಳ್ಳುವುದು ಆ ವಿಚಾರಣೆಯಲ್ಲೇ. ಅದು ನಡೆದೇ ಇಲ್ಲದಿದ್ದರೆ ನಿಮ್ಮ ಕೈ ಗಟ್ಟಿ. ಅಫಿಡವಿಟ್ ಇಂಗ್ಲಿಷಿನಲ್ಲಿದ್ದು, ತಮ್ಮನಿಗೆ ಆ ಭಾಷೆ ಬಾರದೆ, "ಕನ್ನಡದಲ್ಲಿ ಓದಿ ತಿಳಿಸಲಾಯಿತು" ಎಂಬ ಷರಾ ಇಲ್ಲದಿದ್ದರೆ ಅದನ್ನೂ ಎತ್ತಿ ತೋರಿಸಿ.

ಇನ್ನು ಶಿಕ್ಷೆಯ ಲೆಕ್ಕ. ನಿಮ್ಮ ಪತ್ರದಲ್ಲಿ ನಮಗೆ ಮುಖ್ಯವಾಗಿ ಕಂಡದ್ದು ಇದೇ. ಭಾರತೀಯ ನ್ಯಾಯ ಸಂಹಿತೆಯ 318(4)ರ ವಂಚನೆಗೆ ಗರಿಷ್ಠ 7 ವರ್ಷ, ಅಂದರೆ 84 ತಿಂಗಳು. ಕನಿಷ್ಠ ಶಿಕ್ಷೆ ಇಲ್ಲ. ಇಂಥ ಅಪರಾಧಕ್ಕೆ ಬಿಎನ್‌ಎಸ್‌ಎಸ್ ಕಲಂ 293 ಹೇಳುವುದು ನಾಲ್ಕನೇ ಒಂದು ಪಾಲು, 21 ತಿಂಗಳು. ಮೊದಲ ಸಲದ ಆರೋಪಿಗೆ ಆರನೇ ಒಂದು ಪಾಲು, 14 ತಿಂಗಳು. ಪ್ರಕರಣ ಬಿಎನ್‌ಎಸ್‌ಎಸ್ ಜಾರಿಗೆ ಬಂದ 2024ರ ಜುಲೈ 1ರ ನಂತರ ದಾಖಲಾಗಿದ್ದರೆ 18 ತಿಂಗಳು ಹೇಗೆ ಬಂತು ಎಂದು ಕೇಳಲೇಬೇಕು. ಹಳೆಯ ಸಿಆರ್‌ಪಿಸಿಯಡಿ ನಡೆದಿದ್ದರೆ ಈ ವಾದ ನಿಲ್ಲದು. ಆರನೇ ಒಂದು ಪಾಲಿನ ರಿಯಾಯಿತಿ ಆಗ ಇರಲಿಲ್ಲ.

ವಕೀಲರ ಆರು ತಿಂಗಳ ಮಾತು ಮಾತುಕತೆಯ ವರದಿಯಲ್ಲಿ ಬರೆದಿದೆಯೇ? ಬರೆದಿದ್ದರೆ ಅದಕ್ಕೆ ತೂಕವುಂಟು. ಹಗುರ ಶಿಕ್ಷೆಯ ಭರವಸೆ ಕೊಟ್ಟು ತಪ್ಪೊಪ್ಪಿಸಿ, ಆಮೇಲೆ ಅಪೀಲಿನಲ್ಲಿ ಶಿಕ್ಷೆ ಏರಿಸುವುದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ನಮ್ಮ ರಾಜ್ಯದ್ದೇ ಆದ ತಿಪ್ಪೇಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ವಕೀಲರು ಬಾಯಲ್ಲಷ್ಟೇ ಹೇಳಿದ ಮಾತಿಗೆ ಆ ರಕ್ಷಣೆ ಸುಲಭವಾಗಿ ಸಿಗದು.

ರಿಟ್ಟಿಗೆ ಗಡುವಿಲ್ಲ ಎಂದು ಕೂರಬೇಡಿ, ವಿಳಂಬವನ್ನೇ ಕೋರ್ಟು ನಿಮ್ಮ ವಿರುದ್ಧ ಹಿಡಿಯಬಹುದು. ತಮ್ಮ ಜೈಲಿನಲ್ಲಿದ್ದರೆ ಉಚಿತ ವಕೀಲರನ್ನು ಪಡೆಯುವ ಹಕ್ಕು ಅವನಿಗಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಈ ವಾರವೇ ಅರ್ಜಿ ಕೊಡಿ.